ಚೇಳು, ಇರುವೆ ಮತ್ತು ನಮ್ಮಣ್ಣನ ಮಗ

(ನಮ್ಮೂರಿನ ಫಿಲ್ಮ್ ಕ್ಲಬ್ಬಿನಲ್ಲಿ ಒಂದು ಭಾನುವಾರ ಸಂಜೆ ಆಡಿದ ಮಾತುಗಳು ಇವು. ಬರೆದುಕೊಡಿ ಅಂತ ಕೆಲವರು ಕೇಳಿದರು, ಬರೆದಿದ್ದೇನೆ. ಮಾತಾಡುವಾಗ ಅಲ್ಲಿಂದಿಲ್ಲಿಗೆ ಹಾರಿದ್ದನ್ನು ಪೂರ್ತಿ ನೆಟ್ಟಗೆ ಮಾಡಲು ಹೋಗಿಲ್ಲ.)

ಎಲ್ಲರಿಗೂ ನಮಸ್ಕಾರ. ಇವತ್ತು ಸಿನಿಮಾ ಇಲ್ಲ, ಬರೀ ಮಾತು. ಮುಂದಿನ ತಿಂಗಳು 'ದಿ ವೈಲ್ಡ್ ಬಂಚ್' ಅನ್ನುವ ರಕ್ತಪಾತದ ಕೌಬಾಯ್ ಸಿನಿಮಾ ಹಾಕೋಣ ಅಂತ ನಾನೇ ಹೇಳಿದ್ದೆ. ನಮ್ಮ ವಾಟ್ಸಾಪ್ ಗುಂಪಿನಲ್ಲಿ ಅದಕ್ಕೆ ಬಂದ ಮೊದಲ ಮೆಸೇಜು, 'ಮಕ್ಕಳನ್ನ ಕರ್ಕೊಂಡು ಬರಬಹುದಾ ಮೇಡಂ?' ಮೂರು ದಿನ ನಾನು ಉತ್ತರವನ್ನೇ ಕೊಡಲಿಲ್ಲ. ಸೊಕ್ಕಿಗಲ್ಲ. ಅದೇ ಪ್ರಶ್ನೆ ದಸರಾ ರಜೆಯಲ್ಲಿ ನಮ್ಮ ಮನೆಯೊಳಗೇ ಬಂದು ಕೂತಿತ್ತು. ಅದಕ್ಕೆ ನಾನು ಕೊಟ್ಟ ಉತ್ತರ ಸರಿಯೋ ತಪ್ಪೋ ಅಂತ ನನಗೇ ಇನ್ನೂ ಗೊತ್ತಾಗಿರಲಿಲ್ಲ.

ನಡೆದದ್ದು ಇಷ್ಟು. ಅಣ್ಣನ ಮಗ ರಜೆಗೆ ಬಂದಿದ್ದ. ಹದಿನಾಲ್ಕು ವರ್ಷ, ಒಂಬತ್ತನೇ ಕ್ಲಾಸು. 'ರೆಡ್ ಡೆಡ್ ರಿಡೆಂಪ್ಷನ್' ಅಂತ ಒಂದು ವಿಡಿಯೋ ಗೇಮ್ ಇದೆಯಲ್ಲ, ಕುದುರೆ, ಟೋಪಿ, ಬಂದೂಕು, ಅದರ ಹುಚ್ಚು ಅವನಿಗೆ. ಆ ಆಟದ ಕಥೆ ನಡೆಯುವುದು 1911ರಲ್ಲಿ, ಕೌಬಾಯ್‌ಗಳ ಕಾಲ ಮುಗಿಯುತ್ತಾ ಬಂದಾಗ. ಅದನ್ನು ಮಾಡಿದವರು ಈ ಸಿನಿಮಾದಿಂದ ತುಂಬಾ ತಗೊಂಡಿದ್ದಾರೆ ಅಂತ ಅವನು ಎಲ್ಲೋ ಓದಿದ್ದ. ನನ್ನ ಶೆಲ್ಫಿನಲ್ಲಿ ಡಿವಿಡಿ ಕಂಡಿತು. 'ಅತ್ತೆ, ಇದು ಹಾಕಿ' ಅಂದ.

'ಇದು ನಿನಗಲ್ಲ ಕಣೋ' ಅಂತ ನನ್ನ ಬಾಯಿಂದ ತಾನಾಗಿ ಬಂತು. ಅವನು ಕೇಳಿದ, 'ಗೇಮಲ್ಲಿ ನಾನೇ ಶೂಟ್ ಮಾಡ್ತೀನಿ. ಇದರಲ್ಲಿ ಬೇರೆಯವರು ಮಾಡೋದನ್ನ ನೋಡೋದು ಅಷ್ಟೇ ಅಲ್ವಾ?'

ಉತ್ತರ ಹೊಳೆಯಲಿಲ್ಲ. ನಾಳೆ ಹೇಳ್ತೀನಿ ಅಂದೆ. ಅವತ್ತು ರಾತ್ರಿ ಅವನು ಮಲಗಿದ ಮೇಲೆ, ಈ ಮೊದಲೇ ಮೂರು ಸಲ ನೋಡಿದ್ದ ಸಿನಿಮಾವನ್ನು ಮತ್ತೆ ಹಾಕಿಕೊಂಡು ಕೂತೆ. ಕೈಯಲ್ಲಿ ಹಳೇ ಕ್ಯಾಲೆಂಡರಿನ ಹಾಳೆ, ಪೆನ್ನು. ಯಾವುದು ಈ ಹುಡುಗನಿಗೆ ಬೇಡವೋ ಅದನ್ನು ಬರೆಯೋಣ ಅಂತ.

ನೋಡದವರಿಗೆ ಎರಡು ಮಾತು. 1969ರಲ್ಲಿ ಬಂದ ಚಿತ್ರ. ನಿರ್ದೇಶಕ ಸ್ಯಾಮ್ ಪೆಕಿನ್‌ಪಾ. ಕಥೆ ನಡೆಯುವುದು 1913ರಲ್ಲಿ, ಟೆಕ್ಸಾಸ್ ಮತ್ತು ಮೆಕ್ಸಿಕೊ ಗಡಿಯಲ್ಲಿ. ವಯಸ್ಸಾಗುತ್ತಿರುವ ದರೋಡೆಕೋರರ ಒಂದು ಗುಂಪು, ಅವರ ನಾಯಕ ಪೈಕ್, ಆ ಪಾತ್ರದಲ್ಲಿ ವಿಲಿಯಂ ಹೋಲ್ಡನ್. ರೈಲ್ವೆ ಕಂಪನಿಯ ಆಫೀಸನ್ನು ದೋಚುತ್ತಾರೆ. ಚೀಲ ಬಿಚ್ಚಿದರೆ ಬೆಳ್ಳಿ ನಾಣ್ಯದ ಬದಲು ಕಬ್ಬಿಣದ ವಾಷರ್‌ಗಳು. ಅಲ್ಲಿಂದ ಮೆಕ್ಸಿಕೊಗೆ ಓಡುತ್ತಾರೆ. ಅಲ್ಲಿ ಕ್ರಾಂತಿ ನಡೀತಾ ಇದೆ. ಮಪಾಚೆ ಅನ್ನುವ ಒಬ್ಬ ಕೆಟ್ಟ ಜನರಲ್‌ಗೆ ಬಂದೂಕು ಕದ್ದುಕೊಡುವ ಕೆಲಸ ಹಿಡಿಯುತ್ತಾರೆ. ಕೊನೆಗೆ ಎಲ್ಲರೂ ಸಾಯುತ್ತಾರೆ. ಹೆಚ್ಚೂ ಕಡಿಮೆ ಎಲ್ಲರೂ.

ಈಗ ಸಿನಿಮಾದ ಶುರುವಿನ ಭಾಗ ನೋಡೋಣ. ಇದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಯಾಕಂದ್ರೆ ನನ್ನ ಮಟ್ಟಿಗೆ ಎಲ್ಲಾ ಇಲ್ಲೇ ಇದೆ.

ಸೈನಿಕರ ಬಟ್ಟೆ ಹಾಕಿಕೊಂಡ ಕೆಲವರು ಕುದುರೆ ಮೇಲೆ ಊರಿಗೆ ಬರುತ್ತಿದ್ದಾರೆ. ದಾರಿ ಪಕ್ಕದಲ್ಲಿ ಮಕ್ಕಳು ಗುಂಪಾಗಿ ಕೂತಿದ್ದಾರೆ. ನಗುತ್ತಿದ್ದಾರೆ. ಒಳ್ಳೇ ಮನೆ ಮಕ್ಕಳ ಹಾಗೆ ಕಾಣುತ್ತಾರೆ, ಹಲ್ಲು ಬಿದ್ದ ಒಂದೆರಡು ಪುಟ್ಟ ಮುಖಗಳೂ ಇವೆ. ಏನು ನೋಡುತ್ತಿದ್ದಾರೆ? ಕ್ಯಾಮೆರಾ ಕೆಳಗೆ ಹೋಗುತ್ತದೆ. ಕಡ್ಡಿಗಳ ಪುಟ್ಟ ಬೇಲಿ, ಅದರೊಳಗೆ ಇರುವೆಗಳ ರಾಶಿ, ಆ ರಾಶಿಯ ನಡುವೆ ಚೇಳು. ಚೇಳು ಕೊಂಡಿ ಎತ್ತುತ್ತದೆ, ಇರುವೆಗಳು ಬಿಡುವುದಿಲ್ಲ. ಮಕ್ಕಳು ಕಡ್ಡಿಯಿಂದ ಕೆದಕುತ್ತಾರೆ. ಕುದುರೆ ಮೇಲಿನವರು ಬಗ್ಗಿ ನೋಡುತ್ತಾರೆ, ಏನೂ ಹೇಳದೆ ಮುಂದೆ ಹೋಗುತ್ತಾರೆ. ಆಮೇಲೆ ಊರಿನಲ್ಲಿ ಗುಂಡಿನ ಮಳೆ. ಮಾಳಿಗೆ ಮೇಲೆ ಕಂಪನಿಯ ಬಾಡಿಗೆ ಬಂಟರು, ಕೆಳಗೆ ದರೋಡೆಕೋರರು, ನಡುವೆ ಕುಡಿತ ಬಿಡಿ ಅಂತ ಹಾಡುತ್ತಾ ಮೆರವಣಿಗೆ ಹೊರಟ ಪಾಪದ ಜನ. ಅದೆಲ್ಲಾ ಮುಗಿದು ಉಳಿದವರು ಓಡಿಹೋಗುವಾಗ ಮತ್ತೆ ಅದೇ ಮಕ್ಕಳು. ಈಗ ಅವರಿಗೆ ಆಟ ಬೇಜಾರಾಗಿದೆ. ಚೇಳು, ಇರುವೆ ಎಲ್ಲದರ ಮೇಲೂ ಒಣಹುಲ್ಲು ಹಾಕಿ ಬೆಂಕಿ ಇಟ್ಟಿದ್ದಾರೆ.

ಈ ದೃಶ್ಯ ಮೊದಲು ಸ್ಕ್ರಿಪ್ಟಿನಲ್ಲಿ ಇರಲಿಲ್ಲ. ಮಪಾಚೆ ಪಾತ್ರ ಮಾಡಿದ ಎಮಿಲಿಯೊ ಫರ್ನಾಂಡಿಸ್, ಅವರೂ ಮೆಕ್ಸಿಕೊದ ದೊಡ್ಡ ನಿರ್ದೇಶಕರು, ತಾವು ಚಿಕ್ಕವರಿದ್ದಾಗ ಹೀಗೆ ಆಡುತ್ತಿದ್ದೆವು ಅಂತ ಹೇಳಿದ್ದನ್ನು ಪೆಕಿನ್‌ಪಾ ಹಾಗೇ ಎತ್ತಿ ಮೊದಲಿಗೆ ಇಟ್ಟುಬಿಟ್ಟರು.

ನಾವೇನು ಕಡಿಮೆಯಾ? ಏರೋಪ್ಲೇನ್ ಚಿಟ್ಟೆಯ ಬಾಲಕ್ಕೆ ದಾರ ಕಟ್ಟಿ ಹಾರಿಸಿದವರು ಇಲ್ಲಿ ಕೈ ಎತ್ತಿ ಅಂದರೆ ಅರ್ಧ ಸಭೆ ಎತ್ತುತ್ತದೆ. (ಎತ್ತಿದರು ಕೂಡ.) ನಾನಂತೂ ಆ ಚಿಟ್ಟೆ ಕೈಯಲ್ಲಿ ಸಣ್ಣ ಕಲ್ಲು ಎತ್ತಿಸುತ್ತಿದ್ದೆ. ದಾರ ಎಳೆದಾಗ ಬಾಲ ಕಿತ್ತು ಬಂದದ್ದೂ ಇದೆ. ನಮಗೆ ಅದನ್ನು ಯಾವ ಸಿನಿಮಾನೂ ಕಲಿಸಿರಲಿಲ್ಲ.

ಅವತ್ತು ರಾತ್ರಿ ನನಗೆ ಹೊಳೆದದ್ದು ಇದು. ಈ ಸಿನಿಮಾ ಮಕ್ಕಳಿಗೆ ಆಗುತ್ತಾ ಅಂತ ನಾನು ಕೇಳುತ್ತಿದ್ದೆ. ಸಿನಿಮಾದ ಒಳಗೆ ನೋಡಿದರೆ ಎಲ್ಲಾ ಕಡೆ ಮಕ್ಕಳೇ ಕೂತು ನೋಡುತ್ತಿದ್ದಾರೆ. ಗುಂಡು ಹಾರುವಾಗ ಬೀದಿ ನಡುವೆ ಇಬ್ಬರು ಮಕ್ಕಳು ಒಬ್ಬರನ್ನೊಬ್ಬರು ತಬ್ಬಿ ನಿಂತು ನೋಡುತ್ತಾರೆ. ಗುಂಡು ನಿಂತ ಮೇಲೆ ಅದೇ ಬೀದಿಯಲ್ಲಿ ಮಕ್ಕಳು ಬೆರಳನ್ನು ಪಿಸ್ತೂಲು ಮಾಡಿ ಹೆಣಗಳಿಗೆ ಢಂ ಢಂ ಅನ್ನುತ್ತಾರೆ. ಗುಂಪಿನ ಹುಡುಗ ಏಂಜಲ್‌ನನ್ನು ಮಪಾಚೆಯ ಕಡೆಯವರು ಕಾರಿಗೆ ಕಟ್ಟಿ ಊರೆಲ್ಲಾ ಎಳೆಯುವಾಗ ಹಿಂದೆ ಓಡುವುದೂ ಮಕ್ಕಳೇ, ಜಾತ್ರೆಯಲ್ಲಿ ತೇರಿನ ಹಿಂದೆ ಓಡುವ ಹಾಗೆ. ಕೊನೆಯ ಕಾಳಗದಲ್ಲಿ ಪೈಕ್‌ನ ಬೆನ್ನಿಗೆ ಮೊದಲು ಒಬ್ಬ ಹೆಂಗಸು ಗುಂಡು ಹೊಡೆಯುತ್ತಾಳೆ. ಆದರೆ ಅವನನ್ನು ಬೀಳಿಸುವುದು ಒಬ್ಬ ಹುಡುಗ. ಸೈನಿಕರ ಬಟ್ಟೆ, ಕೈಯಲ್ಲಿ ರೈಫಲ್ಲು, ಮೀಸೆ ಚಿಗುರಿಲ್ಲ.

ಆ ಹುಡುಗನ ಹಾಗೇ ಇನ್ನೊಂದು ಮಗು ಇನ್ನೊಂದು ಕಡೆ ಬರುತ್ತದೆ. ಕ್ರಾಂತಿಕಾರಿ ನಾಯಕ ಪಾಂಚೊ ವಿಯಾನ ಸೈನ್ಯ ಮಪಾಚೆಯ ಮೇಲೆ ಬಿದ್ದಾಗ, ಸಮವಸ್ತ್ರ ಹಾಕಿದ ಒಬ್ಬ ಪುಟ್ಟ ಹುಡುಗ ಟೆಲಿಗ್ರಾಂ ತಂದುಕೊಟ್ಟು ಸೆಲ್ಯೂಟ್ ಹೊಡೆದು ಜನರಲ್‌ನನ್ನೇ ನೋಡುತ್ತಾನೆ. ದೇವರನ್ನು ನೋಡುವ ಹಾಗೆ. ಸುತ್ತ ಗುಂಡು ಬೀಳುತ್ತಿದ್ದರೂ ಅವನಿಗೆ ಭಯ ಇಲ್ಲ. ಮಜಾ ಏನು ಗೊತ್ತಾ, 1969ರಲ್ಲಿ ಸಿನಿಮಾ ಬಿಡುಗಡೆಯಾದ ಮೇಲೆ ಅಮೆರಿಕದಲ್ಲಿ ಸುಮಾರು ಹತ್ತು ನಿಮಿಷ ಕತ್ತರಿಸಿದರು. ರಕ್ತ ಜಾಸ್ತಿ ಆಯ್ತು ಅಂತಲ್ಲ, ಉದ್ದ ಆಯ್ತು, ದಿನಕ್ಕೆ ಇನ್ನೂ ಒಂದು ಆಟ ಸೇರಿಸಬಹುದು ಅಂತ. ಆಗ ಹೋದದ್ದು ಹಳೆಯ ನೆನಪಿನ ದೃಶ್ಯಗಳು, ಜೊತೆಗೆ ಈ ಹುಡುಗ ಬರುವ ಭಾಗ. ಬಡಿದಾಟ ಹಾಗೇ ಉಳಿಯಿತು. ಆ ಬಡಿದಾಟವನ್ನು ಒಂದು ಮಗು ಹೇಗೆ ನೋಡುತ್ತದೆ ಅನ್ನುವುದು ಹೋಯಿತು.

ಇನ್ನು ಸರ್ಟಿಫಿಕೇಟಿನ ವಿಷಯ. ಬೇಗ ಮುಗಿಸುತ್ತೇನೆ. ಅಮೆರಿಕದಲ್ಲಿ ವಯಸ್ಸಿನ ಪ್ರಕಾರ ರೇಟಿಂಗ್ ಕೊಡುವ ಪದ್ಧತಿ ಶುರುವಾದದ್ದು 1968ರ ನವೆಂಬರಿನಲ್ಲಿ. ಮರುವರ್ಷವೇ ಬಂದ ಈ ಚಿತ್ರಕ್ಕೆ 'ಆರ್' ಸಿಕ್ಕಿತು. ಅಂದರೆ ಚಿಕ್ಕವರು ಬರಬಹುದು, ಜೊತೆಗೆ ಅಪ್ಪನೋ ಅಮ್ಮನೋ ದೊಡ್ಡವರು ಯಾರಾದರೂ ಇರಬೇಕು. ನಮ್ಮ 'ಎ' ಹಾಗಲ್ಲ. ಹದಿನೆಂಟು ಆಗದಿದ್ದರೆ ಅಪ್ಪನ ಜೊತೆ ಬಂದರೂ ಗೇಟಿನಲ್ಲಿ ಬಿಡುವ ಹಾಗಿಲ್ಲ. ತೊಂಬತ್ತರ ದಶಕದಲ್ಲಿ ಕತ್ತರಿಸಿದ ಭಾಗವನ್ನೆಲ್ಲಾ ಸೇರಿಸಿ ಮತ್ತೆ ಬಿಡುಗಡೆ ಮಾಡೋಣ ಅಂತ ಸ್ಟುಡಿಯೊದವರು ಹೊರಟರೆ, 1993ರಲ್ಲಿ ಅದೇ ರೇಟಿಂಗ್ ಮಂಡಳಿ 'ಎನ್‌ಸಿ-17' ಕೊಟ್ಟುಬಿಟ್ಟಿತು, ಅಂದರೆ ಮಕ್ಕಳಿಗೆ ಪ್ರವೇಶವೇ ಇಲ್ಲ. ಮೇಲ್ಮನವಿ ಹೋಗಿ, ಮತ್ತೆ 'ಆರ್' ಆಗಿ, 1995ರಲ್ಲಿ ತೆರೆಗೆ ಬಂತು. ಇಪ್ಪತ್ತನಾಲ್ಕು ವರ್ಷದಲ್ಲಿ ಸಿನಿಮಾ ಬೆಳೆದು ಇನ್ನಷ್ಟು ಕ್ರೂರ ಆಗಿತ್ತಾ? ನೋಡುವವರ ಕಣ್ಣು ಬದಲಾಗಿತ್ತು, ಅಷ್ಟೇ. ನಮ್ಮಲ್ಲೂ ಮೊದಲು 'ಯು' ಮತ್ತು 'ಎ' ಎರಡೇ ಇದ್ದವು, 1983ರಲ್ಲಿ 'ಯುಎ' ಬಂತು, 2023ರ ತಿದ್ದುಪಡಿಯಲ್ಲಿ ಅದನ್ನೇ 7, 13, 16 ಅಂತ ಮೂರು ಮಾಡಿದರು. ಒಳ್ಳೆಯದೇ. ಆದರೆ ಆ ಅಕ್ಷರ ನಮ್ಮ ಮನೆ ಹುಡುಗನ ಮುಖ ನೋಡಿ ಬರೆದದ್ದಲ್ಲ.

ಈಗ ಸ್ವಲ್ಪ ನಮ್ಮ ಕಡೆಗೆ. ನಾನು ಒಂಬತ್ತು ವರ್ಷದವಳಿದ್ದಾಗ ಟೆಂಟಿನಲ್ಲಿ 'ಶೋಲೆ' ನೋಡಿದೆ, ನೆಲದ ಟಿಕೆಟ್ಟು, ಮರಳು ಗುಡ್ಡೆ ಮಾಡಿಕೊಂಡು ಕೂತು. ನಮ್ಮದೇ ರಾಮನಗರದ ಬಂಡೆಗಳು ಅಂತ ಅಪ್ಪ ಪಿಸುಗುಡುತ್ತಿದ್ದರು. ಅದೂ ವೆಸ್ಟರ್ನೇ, ಅಂದರೆ ಕೌಬಾಯ್ ಸಿನಿಮಾನೇ, ಒಗ್ಗರಣೆ ಹಾಕಿದ ವೆಸ್ಟರ್ನು. ಠಾಕೂರನ ಮನೆಯವರನ್ನೆಲ್ಲಾ ಕೊಂದು, ಉಳಿದ ಪುಟ್ಟ ಹುಡುಗನಿಗೆ ಗಬ್ಬರ್ ಬಂದೂಕು ಗುರಿ ಇಡುತ್ತಾನೆ. ಢಂ. ಮಗು ಬೀಳುವುದನ್ನು ತೋರಿಸುವುದಿಲ್ಲ, ಆ ಸದ್ದಿನ ಜೊತೆಗೇ ರೈಲು ಬಂದುಬಿಡುತ್ತದೆ. ಇದು ಇಟಲಿಯ ನಿರ್ದೇಶಕ ಸೆರ್ಜಿಯೊ ಲಿಯೋನೆ 1968ರಲ್ಲಿ ಮಾಡಿದ 'ಒನ್ಸ್ ಅಪಾನ್ ಎ ಟೈಮ್ ಇನ್ ದ ವೆಸ್ಟ್'ನಿಂದ ಬಂದದ್ದು. ಅಲ್ಲೂ ಹುಡುಗ, ಗುಂಡು, ಥಟ್ಟನೆ ರೈಲು. ಹೆಣಗಳ ಮೇಲೆ ಹೊದಿಸಿದ ಬಟ್ಟೆ ಗಾಳಿಗೆ ಹಾರುವುದು ನೋಡಿ ನಾನು ಅಪ್ಪನ ತೋಳು ಕಚ್ಚಿದ್ದೆನಂತೆ. ಒಂದು ತೊಟ್ಟು ರಕ್ತ ಕಾಣದ ಜಾಗ ಅದು. ವಾರಗಟ್ಟಲೆ ನಿದ್ದೆ ಕೆಟ್ಟಿತ್ತು.

ಅದೇ ಸಿನಿಮಾದ ಕೊನೆಯಲ್ಲಿ ಠಾಕೂರ್ ಮೊಳೆ ಬೂಟಿನಿಂದ ಗಬ್ಬರನನ್ನು ತುಳಿದು ಸಾಯಿಸುವಂತೆ ತೆಗೆದಿದ್ದರು. ಆಗ ತುರ್ತು ಪರಿಸ್ಥಿತಿ, ಸೆನ್ಸಾರ್ ಒಪ್ಪಲಿಲ್ಲ. ಪೊಲೀಸರು ಬಂದು ತಡೆಯುವ ಹಾಗೆ ಬೇರೆ ಕೊನೆ ಚಿತ್ರೀಕರಿಸಬೇಕಾಯಿತು. ನನ್ನ ನಿದ್ದೆ ಕೆಡಿಸಿದ ದೃಶ್ಯವನ್ನು ಯಾರೂ ಮುಟ್ಟಿರಲಿಲ್ಲ ನೋಡಿ. ಮರುದಿನ ನಾವು ಮಕ್ಕಳೆಲ್ಲಾ ಸೇರಿ ಆಡಿದ ಆಟ ಯಾವುದು? ಗಬ್ಬರ್ ಆಟ. ಠಾಕೂರ್ ಆಗಲು ಒಬ್ಬರೂ ತಯಾರಿರಲಿಲ್ಲ, ಕೈ ಇಲ್ಲದೆ ಏನು ಆಡೋದು!

ಸರಿ, ಕ್ಯಾಲೆಂಡರ್ ಹಾಳೆಗೆ ಬರುತ್ತೇನೆ. ಕೊನೆಯ ಕಾಳಗವೇ ಮೊದಲ ಸಾಲಿನಲ್ಲಿರುತ್ತದೆ ಅಂದುಕೊಂಡಿದ್ದೆ. ಆ ಸಿನಿಮಾ ಹೆಸರು ಮಾಡಿದ್ದೇ ಅದಕ್ಕೆ. ಹಲವು ಕ್ಯಾಮೆರಾಗಳನ್ನು ಬೇರೆ ಬೇರೆ ವೇಗದಲ್ಲಿ ಓಡಿಸಿ, ಲೂ ಲೊಂಬಾರ್ಡೊ ಅನ್ನುವ ಎಡಿಟರ್ ಅವುಗಳನ್ನು ಚೂರು ಚೂರು ಮಾಡಿ ಹೊಲಿದಿದ್ದಾರೆ, ಒಬ್ಬ ನಿಧಾನವಾಗಿ ಬೀಳುತ್ತಿರುವಾಗ ನಡುವೆ ಇನ್ನೊಬ್ಬ ಸರ್ರನೆ ಬಿದ್ದುಬಿಡುತ್ತಾನೆ. ಹಳೆಯ ವೆಸ್ಟರ್ನ್‌ಗಳಲ್ಲಿ ಗುಂಡು ಬಿದ್ದವನು ಎದೆ ಹಿಡಿದುಕೊಂಡು ಮಡಚಿಕೊಳ್ಳುತ್ತಿದ್ದ, ಅಂಗಿ ಕೊಳೆ ಆಗುತ್ತಿರಲಿಲ್ಲ. ಇಲ್ಲಿ ರಕ್ತ ಚಿಮ್ಮುತ್ತದೆ. ಆಗ ಅಮೆರಿಕದ ಮನೆಮನೆಯ ಟೀವಿಯಲ್ಲಿ ರಾತ್ರಿ ಊಟದ ಹೊತ್ತಿಗೆ ವಿಯೆಟ್ನಾಂ ಯುದ್ಧ ಬರುತ್ತಿತ್ತು. ಗುಂಡು ತಗುಲಿದರೆ ನಿಜಕ್ಕೂ ಏನಾಗುತ್ತದೆ ಅಂತ ಜನ ನೋಡಲಿ ಅನ್ನುವುದು ಪೆಕಿನ್‌ಪಾ ವಾದ. ಕೆಲವರು ಎದ್ದು ಹೊರಗೆ ಹೋದರು. ಕೆಲವರು ಶಿಳ್ಳೆ ಹೊಡೆದರು.

ಆ ಶಿಳ್ಳೆಯೇ ನನ್ನ ತಲೆನೋವು. ನಿಧಾನಗತಿಯಲ್ಲಿ ಸಾವು ಚೆನ್ನಾಗಿ ಕಾಣುತ್ತದೆ, ಇದನ್ನು ಒಪ್ಪಿಕೊಳ್ಳಲೇಬೇಕು. ನನಗೂ ಚೆನ್ನಾಗಿಯೇ ಕಂಡಿತು, ನಾಲ್ಕನೇ ಸಲವೂ.

ಆದರೂ ಹಾಳೆಯ ಮೇಲೆ ಮೊದಲು ಬರೆದದ್ದು ಅದಲ್ಲ. ಮೊದಲ ಸಾಲು, ಹೆಂಗಸರು. ಈ ಸಿನಿಮಾದಲ್ಲಿ ಹೆಂಗಸರಿಗೆ ಮಾತೇ ಇಲ್ಲ ಅನ್ನುವಷ್ಟು ಕಡಿಮೆ. ದುಡ್ಡು ಕೊಟ್ಟರೆ ಬರುವವರು, ಇಲ್ಲ ಗುಂಡಿಗೆ ಬೀಳುವವರು. ಏಂಜಲ್ ತನ್ನನ್ನು ಬಿಟ್ಟುಹೋದ ತೆರೇಸಾಗೆ ಗುಂಡು ಹೊಡೆಯುತ್ತಾನೆ, ಅವನ ಜೊತೆಯವರಿಗೆ ಅದು ಒಂದು ವಿಷಯವೇ ಅಲ್ಲ. ಕೊನೆಗೆ ಗುಂಪಿನ ಇನ್ನೊಬ್ಬ, ಡಚ್ ಅಂತ ಅವನ ಹೆಸರು, ಒಬ್ಬ ಹೆಂಗಸನ್ನು ಗುರಾಣಿಯ ಹಾಗೆ ಮುಂದೆ ಹಿಡಿದುಕೊಳ್ಳುತ್ತಾನೆ. ರಕ್ತ ಕೆಟ್ಟದ್ದು ಅಂತ ಹುಡುಗನಿಗೆ ಹೇಳಿಕೊಡಬೇಕಾಗಿಲ್ಲ, ಅವನ ಹೊಟ್ಟೆಯೇ ಹೇಳುತ್ತದೆ. ಇದನ್ನು ಹೇಳುವುದಿಲ್ಲ. ಇದು ಸುಮ್ನೆ ಒಳಗೆ ಹೋಗಿ ಕೂರುತ್ತದೆ. ಎರಡನೇ ಸಾಲು, ಏಂಜಲ್‌ನ ಕುತ್ತಿಗೆ ಕೊಯ್ಯುವುದು. ಅದು ಒಂದೇ ಕ್ಷಣ, ಆದರೆ ಹತ್ತಿರದಿಂದ. ಕಾಳಗ ಬಂದದ್ದು ಮೂರನೇ ಸಾಲಿನಲ್ಲಿ.

ಹಾಳೆಯ ಹಿಂದೆ ಇನ್ನೆರಡು ವಿಷಯ ಬರೆದಿದ್ದೆ. ತೋರಿಸಲೇಬೇಕು ಅನ್ನಿಸಿದ್ದು. ಒಂದು ಆ ಚೇಳು, ಇನ್ನೊಂದು ದಾರದಾಟ. ಏಂಜಲ್‌ನ ಹಳ್ಳಿಯಲ್ಲಿ, ಗುಂಪಿನ ಅತಿ ಒರಟರಾದ ಗೋರ್ಚ್ ಅಣ್ಣತಮ್ಮಂದಿರು ಒಂದು ಹುಡುಗಿಯ ಜೊತೆ ಬೆರಳಿಗೆ ದಾರ ಸಿಕ್ಕಿಸಿಕೊಂಡು ಆಡುವ ಆಟ ಆಡುತ್ತಾರೆ. ಪೈಕ್‌ಗೆ ನಂಬಲಾಗುವುದಿಲ್ಲ. ಪಕ್ಕದಲ್ಲಿ ಕೂತ ಹಳ್ಳಿಯ ಮುದುಕ ಹೇಳುತ್ತಾನೆ, ಮತ್ತೆ ಮಗುವಾಗಬೇಕು ಅಂತ ಎಲ್ಲರಿಗೂ ಆಸೆ, ಕೆಟ್ಟವರಿಗೆ ಇನ್ನೂ ಜಾಸ್ತಿ ಇರಬಹುದು ಅಂತ. ಚೇಳು ಸುಡುವ ಮಕ್ಕಳು ಅಲ್ಲಿ, ದಾರದಾಟ ಆಡುವ ಕೊಲೆಗಾರರು ಇಲ್ಲಿ.

ಬೆಳಿಗ್ಗೆ ಹುಡುಗನಿಗೆ ಹೇಳಿದೆ. ನೋಡೋಣ, ಆದರೆ ನಾನು ಪಕ್ಕದಲ್ಲಿ ಇರುತ್ತೇನೆ, ಫೋನ್ ಇರುವುದಿಲ್ಲ, ಎರಡು ಗಂಟೆ ಇಪ್ಪತ್ತೈದು ನಿಮಿಷ ಪೂರ್ತಿ. ಬೇಡ ಅನ್ನಿಸಿದರೆ ಎದ್ದು ಹೋಗಬಹುದು, ನಾನು ನಗುವುದಿಲ್ಲ. ಪೂರ್ತಿ ಅಂತ ಯಾಕೆ ಹಟ ಅಂದರೆ, ಯೂಟ್ಯೂಬಿನಲ್ಲಿ ಕೊನೆಯ ಕಾಳಗ ಮಾತ್ರ ಕತ್ತರಿಸಿ ಹಾಕಿದ್ದು ಸಿಗುತ್ತದೆ. ಅದರಲ್ಲಿ ಚೇಳೂ ಇಲ್ಲ, ದಾರದಾಟವೂ ಇಲ್ಲ. ಹುಡುಗರು ಅದನ್ನು ಊಟ ಮಾಡುತ್ತಾ ನೋಡುತ್ತಾರೆ. ನನ್ನ ಪ್ರಕಾರ ಯಾರಿಗೂ ಆಗದ ಸಿನಿಮಾ ಅಂದರೆ ಆ ತುಂಡು.

ಮಂಡಕ್ಕಿ ಉಸಲಿ ಮಾಡಿಕೊಂಡು ಕೂತೆವು. ಚೇಳು ನೋಡಿ 'ನಿಜವಾದ್ದಾ ಅತ್ತೆ?' ಅಂದ. ನಿಜವಾದ್ದೇ. ಮೊದಲ ಕಾಳಗಕ್ಕೆ 'ಸೂಪರ್' ಅಂದ. ರೈಲು ದೋಚುವುದು, ಮಾತೇ ಇಲ್ಲದ ಆ ಉದ್ದದ ಭಾಗ, ಸೇತುವೆ ಉಡಾಯಿಸುವುದು, ಅಲ್ಲಿ ಕುರ್ಚಿ ತುದಿಗೆ ಬಂದಿದ್ದ. ನಡುವೆ ಒಂದಷ್ಟು ಕಡೆ ಆಕಳಿಸಿದ, ಅದನ್ನೂ ಹೇಳಿಬಿಡುತ್ತೇನೆ. ತೆರೇಸಾ ಸತ್ತಾಗ ನಾನು ಪಾಸ್ ಒತ್ತಿ, 'ಈಗ ಅವಳೇನು ತಪ್ಪು ಮಾಡಿದಳು?' ಅಂತ ಕೇಳಿದೆ. ಸ್ವಲ್ಪ ಹೊತ್ತು ಯೋಚನೆ ಮಾಡಿ 'ಏನಿಲ್ಲ' ಅಂದ. ಮೇಷ್ಟ್ರ ಥರ ಕೇಳಬಾರದಿತ್ತು, ಅವನಿಗೆ ಕಿರಿಕಿರಿ ಆಯಿತು.

ಏಂಜಲ್‌ನನ್ನು ಕಾರಿನ ಹಿಂದೆ ಎಳೆಯುವಾಗ ಮಂಡಕ್ಕಿ ತಟ್ಟೆ ಕೆಳಗಿಟ್ಟ. ಕೊನೆಯ ಕಾಳಗದಲ್ಲಿ ಸೂಪರ್ ಬರಲಿಲ್ಲ. ಮುಗಿದ ಮೇಲೆ ಬಾಡಿಗೆ ಬಂಟರು ಹೆಣಗಳ ಬೂಟು ಕೀಳುತ್ತಿರುವಾಗ ಒಂದೇ ಪ್ರಶ್ನೆ, 'ಪೈಕ್‌ಗೆ ಹೊಡೆದ ಆ ಹುಡುಗನಿಗೆ ಎಷ್ಟು ವಯಸ್ಸು ಅತ್ತೆ? ನನಗಿಂತ ಚಿಕ್ಕವನಲ್ವಾ?'

ಆಹಾ, ಎಷ್ಟು ಚೆನ್ನಾಗಿ ಅರ್ಥ ಮಾಡಿಕೊಂಡ ಅಂತ ನಾನು ಒಳಗೊಳಗೇ ಬೀಗಿದೆ. ಮರುದಿನ ಬೆಳಿಗ್ಗೆ ಹಿತ್ತಲಿನಲ್ಲಿ ನೋಡಿದರೆ, ಪೊರಕೆ ಭುಜದ ಮೇಲಿಟ್ಟುಕೊಂಡು ಆ ನಾಲ್ಕು ಜನ ಸಾಯಲು ನಡೆದುಕೊಂಡು ಹೋಗುತ್ತಾರಲ್ಲ, ಅದೇ ನಡಿಗೆ ನಡೆಯುತ್ತಿದ್ದ. ಒಳ್ಳೆ ಗತ್ತಿನಲ್ಲಿ. ಎರಡೂ ಅವನೇ. ಯಾವುದು ಹೆಚ್ಚು ಅಂತ ನನ್ನನ್ನು ಕೇಳಬೇಡಿ.

ಅತ್ತಿಗೆ ಫೋನ್ ಮಾಡಿದ್ದರು. 'ಅದೇನೋ ಕುತ್ತಿಗೆ ಕೊಯ್ಯೋ ಪಿಚ್ಚರ್ ತೋರಿಸಿದ್ಯಂತೆ?' ಅಂದರು. ಹೌದು ಅತ್ತಿಗೆ ಅಂದೆ. ಪೂರ್ತಿ ಕಥೆ ಹೇಳಿದೆ. 'ನನ್ನನ್ನ ಒಂದು ಮಾತು ಕೇಳಬೇಕಿತ್ತು' ಅಂದರು. ಅವರು ಹೇಳಿದ್ದು ಸರಿ. ಪಕ್ಕದಲ್ಲಿ ಕೂರುವ ದೊಡ್ಡವರು ಯಾರು ಅಂತ ತೀರ್ಮಾನ ಮಾಡುವುದು ಹುಡುಗನ ಅಮ್ಮ, ನಾನಲ್ಲ.

ಪ್ರಶ್ನೋತ್ತರದಲ್ಲಿ ಒಬ್ಬರು ಕೇಳಿದರು, ನನ್ನ ಮಗಳಿಗೆ ಹತ್ತು, ಅವಳು ಎಲ್ಲಾ ನೋಡ್ತಾಳೆ, ಕರ್ಕೊಂಡು ಬರ್ಲಾ ಅಂತ. ಬೇಡ. ಹತ್ತಕ್ಕೆ ಬೇಡ, ಹನ್ನೆರಡಕ್ಕೂ ಬೇಡ. ಆ ವಯಸ್ಸಿಗೆ ಚೇಳು ನೆನಪಿರುತ್ತದೆ, ಯಾಕೆ ಅನ್ನುವುದು ನೆನಪಿರುವುದಿಲ್ಲ. ಹದಿಮೂರು ಹದಿನಾಲ್ಕು ನಿಮ್ಮ ಮನೆಯ ಲೆಕ್ಕ. ಮೊದಲು ನೀವು ಒಬ್ಬರೇ ನೋಡಿ, ಹಾಳೆ ಪೆನ್ನು ಇಟ್ಟುಕೊಂಡು ನೋಡಿ. ನನ್ನ ಹಾಳೆ ನಿಮಗೆ ಉಪಯೋಗಕ್ಕೆ ಬರುವುದಿಲ್ಲ.

ಮುಂದಿನ ತಿಂಗಳು ನಾವು ಸದಸ್ಯರೊಬ್ಬರ ಮನೆಯ ಮಹಡಿಯಲ್ಲಿ ಇಪ್ಪತ್ತು ಜನ ಕೂತು ನೋಡುತ್ತೇವೆ. ಅಲ್ಲಿಗೆ ಹದಿನೈದು ತುಂಬಿದವರು ಅಮ್ಮನೋ ಅಪ್ಪನೋ ಜೊತೆಗಿದ್ದರೆ ಬರಬಹುದು, ಅದಕ್ಕಿಂತ ಚಿಕ್ಕವರು ಬೇಡ ಅಂತ ಗುಂಪಿಗೆ ಹಾಕಿದ್ದೇನೆ. ಮನೆಯಲ್ಲಿ ನನಗೆ ಒಂದು ಮುಖ ನೋಡುವುದಿತ್ತು, ತಟ್ಟೆ ಕೆಳಗಿಟ್ಟದ್ದು ಕಂಡಿತು. ಕತ್ತಲಲ್ಲಿ ಇಪ್ಪತ್ತು ಮುಖ ನೋಡಲು ನನ್ನ ಕೈಲಾಗುವುದಿಲ್ಲ.

ಅಣ್ಣನ ಮಗನೂ ಆ ಮೆಸೇಜು ನೋಡಿದ್ದಾನೆ, ಯಾರು ತೋರಿಸಿದರೋ. ಅವನಿಗೆ ಹದಿನೈದು ತುಂಬುವುದು ಫೆಬ್ರವರಿಗೆ. 'ನಾನು ಆಗಲೇ ನೋಡಿದ್ದೀನಲ್ಲ ಅತ್ತೆ, ಈಗ ಬರಬಾರದು ಅಂದ್ರೆ ಹೇಗೆ?' ಅಂತ ನಿನ್ನೆಯಿಂದ ಮೂರು ಸಲ ಫೋನ್ ಮಾಡಿದ್ದಾನೆ. ಅಮ್ಮನ್ನ ಕೇಳು ಅಂದಿದ್ದೇನೆ.